ಸಿಸೇರಿಯನ್ ಕಲೆಯಲ್ಲಿ ಕಟ್ಟಿದ ಗರ್ಭ: ಯಾವ ಸ್ಕ್ಯಾನ್, ಯಾವ ವಾರ, ಯಾವ ಊರು

ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ, ಎರಡನೆಯ ಸಲ ಬಸುರಾದ ಹೆಂಗಸಿನ ಮೊದಲ ಸ್ಕ್ಯಾನ್ ಎಷ್ಟೋ ಸಲ ನಡೆಯುವುದು ಮೂರು ತಿಂಗಳು ತುಂಬುವ ಹೊತ್ತಿಗೆ. ಮೊದಲ ಹೆರಿಗೆ ಸಹಜವಾಗಿ ಆಗಿದ್ದು, ರಕ್ತಸ್ರಾವ, ನೋವು ಏನೂ ಇಲ್ಲದವರಿಗೆ ಇದರಿಂದ ದೊಡ್ಡ ತೊಂದರೆ ಆಗಲಿಕ್ಕಿಲ್ಲ. ಆದರೆ ಹಿಂದೆ ಸಿಸೇರಿಯನ್ ಆಗಿರುವವರಲ್ಲಿ ಒಂದು ಅಪಾಯವಿದೆ: ಗರ್ಭವು ಗರ್ಭಕೋಶದ ಒಳಗೂಡಿನಲ್ಲಿ ಕಟ್ಟದೆ, ಹಳೆಯ ಶಸ್ತ್ರಚಿಕಿತ್ಸೆಯ ಗಾಯ ಮಾಗಿ ಉಳಿದ ಕಲೆಯೊಳಗೆ ಬೇರೂರಿಬಿಡಬಹುದು. ಮೂರು ತಿಂಗಳು ತುಂಬುವ ಹೊತ್ತಿಗೆ ಅದನ್ನು ಗುರುತಿಸುವುದು ಕಷ್ಟವಾಗಿರುತ್ತದೆ, ಗುರುತಿಸಿದರೂ ಚಿಕಿತ್ಸೆಯ ದಾರಿಗಳು ಕಡಿಮೆಯಾಗಿರುತ್ತವೆ.

ಇದು ಅಪರೂಪದ ಸ್ಥಿತಿ. ವೈದ್ಯಕೀಯ ಸಾಹಿತ್ಯದಲ್ಲಿ ಮೊದಲ ವರದಿ ಬಂದದ್ದು 1978ರಲ್ಲಿ, ದಕ್ಷಿಣ ಆಫ್ರಿಕಾದಿಂದ. ನಂತರ ಲಂಡನ್ ಮತ್ತು ತೈವಾನಿನ ಆಸ್ಪತ್ರೆಗಳ ಲೆಕ್ಕಾಚಾರಗಳು ಸುಮಾರು 1,800ರಿಂದ 2,200 ಗರ್ಭಗಳಿಗೆ ಒಂದರಂತೆ ಇದು ಕಾಣಿಸುತ್ತದೆಂದು ಅಂದಾಜಿಸಿದವು. ಆದರೆ ಸಿಸೇರಿಯನ್‌ಗಳು ಹೆಚ್ಚಿದಂತೆ ಕಲೆ ಹೊತ್ತ ಗರ್ಭಕೋಶಗಳೂ ಹೆಚ್ಚುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ಶೇ. 31ರಷ್ಟು ಹೆರಿಗೆಗಳು ಸಿಸೇರಿಯನ್ ಮೂಲಕ ಆಗುತ್ತಿವೆ. ಒಂದೇ ಒಂದು ಸಿಸೇರಿಯನ್ ಆದವರಲ್ಲೂ ಈ ಸ್ಥಿತಿ ಉಂಟಾಗುವುದರಿಂದ, ಎರಡು ಮೂರು ಸಲ ಕೊಯ್ಯಿಸಿಕೊಂಡವರಿಗೆ ಮಾತ್ರ ಇದರ ಚಿಂತೆ ಎಂದು ಭಾವಿಸುವಂತಿಲ್ಲ.

ಸ್ಕ್ಯಾನ್ ಮಾಡಿಸುವವರ ಮುಂದೆ ಹಲವು ಆಯ್ಕೆಗಳಿವೆ. ಹೊಟ್ಟೆಯ ಮೇಲಿನ ಸ್ಕ್ಯಾನೋ, ಯೋನಿಮಾರ್ಗದ ಒಳ ಸ್ಕ್ಯಾನೋ, ರಕ್ತಚಲನೆಯನ್ನು ತೋರಿಸುವ ಬಣ್ಣದ ಡಾಪ್ಲರ್ ಬೇಕೋ ಬೇಡವೋ, ಎಂ.ಆರ್.ಐ. ಮಾಡಿಸಬೇಕೋ, ರಕ್ತಪರೀಕ್ಷೆ ಸಾಕೋ. ತಾಲ್ಲೂಕು ಕೇಂದ್ರದಲ್ಲೇ ನೋಡಿಸಬೇಕೋ, ನೇರವಾಗಿ ದೊಡ್ಡ ಊರಿಗೆ ಹೋಗಬೇಕೋ. ಇವೆಲ್ಲವನ್ನೂ ಒಂದೊಂದಾಗಿ ತೂಗಿ ನೋಡಿದರೆ, ಯಂತ್ರದ ಬೆಲೆಗಿಂತ ಸ್ಕ್ಯಾನ್ ನಡೆದ ವಾರ ಯಾವುದು, ನೋಡಿದವರು ಕಲೆಯನ್ನು ಹುಡುಕಿ ನೋಡಿದರೇ ಎಂಬ ಎರಡು ಸಂಗತಿಗಳೇ ಫಲಿತಾಂಶವನ್ನು ನಿರ್ಧರಿಸುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾವ ವಾರ

ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದಾಗ ಆರನೆಯ ಮತ್ತು ಏಳನೆಯ ವಾರಗಳು ಈ ಪರೀಕ್ಷೆಗೆ ತಕ್ಕ ಕಾಲ. 2022ರಲ್ಲಿ ಹಲವು ದೇಶಗಳ ತಜ್ಞರು ಸುತ್ತು ಸುತ್ತಾಗಿ ಅಭಿಪ್ರಾಯ ಕ್ರೋಡೀಕರಿಸಿ ಪ್ರಕಟಿಸಿದ ಒಮ್ಮತದ ಹೇಳಿಕೆಯೂ ಇದೇ ಅವಧಿಯನ್ನು ಸೂಚಿಸುತ್ತದೆ. ಐದು ವಾರಕ್ಕೂ ಮೊದಲು ಹೋದರೆ ಭ್ರೂಣದ ಚೀಲವೇ ಕಾಣದಿರಬಹುದು; ಆಗ ‘ಏನೂ ಇಲ್ಲ’ ಎಂದು ನಿಟ್ಟುಸಿರು ಬಿಡದೆ, ವೈದ್ಯರು ಹೇಳಿದಂತೆ ವಾರ ಹತ್ತು ದಿನಗಳಲ್ಲಿ ಮತ್ತೊಮ್ಮೆ ನೋಡಿಸಬೇಕು. ಆರು–ಏಳು ವಾರಗಳಲ್ಲಿ ಚೀಲ ಇನ್ನೂ ಚಿಕ್ಕದಾಗಿ, ತಾನು ಬೇರೂರಿದ ಜಾಗದಲ್ಲೇ ಕುಳಿತಿರುತ್ತದೆ. ಕಲೆಯ ತಗ್ಗಿನೊಳಗೆ ಇದ್ದರೆ ಆ ತಗ್ಗಿನ ಆಕಾರವನ್ನೇ ತಾಳಿ ತ್ರಿಕೋನದಂತೆ ಕಾಣುತ್ತದೆ. ಎಂಟು ವಾರ ದಾಟಿದ ಮೇಲೆ ಅದು ದುಂಡಗೆ ಅಥವಾ ಮೊಟ್ಟೆಯಾಕಾರಕ್ಕೆ ಉಬ್ಬುತ್ತದೆ.

ಒಂಬತ್ತು–ಹತ್ತು ವಾರಗಳ ಹೊತ್ತಿಗೆ ಆಗುವ ಬದಲಾವಣೆಯೇ ಹೆಚ್ಚಿನ ಗೊಂದಲಕ್ಕೆ ಕಾರಣ. ಬೆಳೆಯುವ ಚೀಲಕ್ಕೆ ಜಾಗ ಬೇಕು, ಕಲೆಯ ಮೇಲ್ಭಾಗದಲ್ಲಿ ಗರ್ಭಕೋಶದ ಒಳಗೂಡು ಖಾಲಿ ಇದೆ. ಆದ್ದರಿಂದ ಚೀಲ ಮೇಲಕ್ಕೆ ಹಿಗ್ಗುತ್ತದೆ. ಆಗ ಪರದೆಯ ಮೇಲೆ ಒಳಗೂಡಿನಲ್ಲಿ ಮಿಡಿಯುವ ಭ್ರೂಣ ಕಾಣುತ್ತದೆ, ವರದಿಯಲ್ಲಿ ‘ಗರ್ಭಕೋಶದೊಳಗಿನ ಜೀವಂತ ಗರ್ಭ’ ಎಂಬ ಸಾಲು ಬರುತ್ತದೆ, ಮನೆಮಂದಿಗೆ ಸಮಾಧಾನವಾಗುತ್ತದೆ. ಆದರೆ ಚೀಲ ಮೇಲೇರಿದರೂ ಮಾಸಿನ ಬೇರುಗಳು ಕಲೆಯಲ್ಲೇ ಉಳಿದಿರುತ್ತವೆ. ತಡವಾಗಿ ಬಂದವರಲ್ಲಿ ಭ್ರೂಣ ಎಲ್ಲಿದೆ ಎಂದು ನೋಡಿದರೆ ಸಾಲದು, ಮಾಸು ಎಲ್ಲಿ ಅಂಟಿದೆ, ರಕ್ತನಾಳಗಳು ಎಲ್ಲಿ ದಟ್ಟವಾಗಿವೆ ಎಂಬುದನ್ನು ನೋಡಲೇಬೇಕು.

ಹನ್ನೊಂದರಿಂದ ಹದಿನಾಲ್ಕನೆಯ ವಾರದೊಳಗೆ ಮಾಡುವ, ಭ್ರೂಣದ ಕತ್ತಿನ ಹಿಂಭಾಗದ ದಪ್ಪ ಅಳೆಯುವ ಎನ್.ಟಿ. ಸ್ಕ್ಯಾನ್ ತನ್ನ ಉದ್ದೇಶಕ್ಕೆ ಉತ್ತಮವಾದದ್ದೇ, ಆದರೆ ಈ ಸ್ಥಿತಿಯ ಪತ್ತೆಗೆ ಅದನ್ನೇ ನೆಚ್ಚಿಕೊಳ್ಳುವುದು ತಡವಾದ ಮಾತು. ಪ್ರತಿ ತಿಂಗಳ 9ನೇ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯೂ ಮುಖ್ಯವಾಗಿ ನಾಲ್ಕನೆಯ ತಿಂಗಳಿನಿಂದಾಚೆಯ ಗರ್ಭಿಣಿಯರಿಗಾಗಿ ರೂಪಿಸಿದ್ದು. ‘ಒಂಬತ್ತನೇ ತಾರೀಖು ಬರಲಿ, ಅವತ್ತೇ ತೋರಿಸಿದರಾಯಿತು’ ಎಂದು ಸಿಸೇರಿಯನ್ ಆಗಿದ್ದವರು ಕಾಯಬಾರದು. ಮನೆಯಲ್ಲಿ ಕಾರ್ಡ್ ಪರೀಕ್ಷೆ ಎರಡು ಗೆರೆ ತೋರಿಸಿದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, ಹಳೆಯ ಸಿಸೇರಿಯನ್ ಸಂಗತಿಯನ್ನು ಒತ್ತಿ ಹೇಳಿ, ಆರು ವಾರ ತುಂಬುವ ದಿನವನ್ನು ಲೆಕ್ಕ ಹಾಕಿಟ್ಟುಕೊಳ್ಳಬೇಕು. ಮುಟ್ಟು ಕ್ರಮತಪ್ಪಿ ಬರುವವರಲ್ಲಿ, ಮೊಲೆಯುಣಿಸುತ್ತಿರುವಾಗಲೇ ಮತ್ತೆ ಬಸುರಾದವರಲ್ಲಿ ಈ ಲೆಕ್ಕ ನಂಬುವಂತಿಲ್ಲ. ಅಂಥವರು ತಿಳಿದ ತಕ್ಷಣ ಹೋಗುವುದೇ ಸರಿ.

ಹೊಟ್ಟೆಯ ಮೇಲಿನ ಸ್ಕ್ಯಾನ್ ಮತ್ತು ಒಳ ಸ್ಕ್ಯಾನ್

ನಮ್ಮ ಕಡೆ ಸ್ಕ್ಯಾನ್ ಎಂದರೆ ನೀರು ಕುಡಿದು, ಮೂತ್ರ ತಡೆದುಕೊಂಡು, ಹೊಟ್ಟೆಗೆ ಜೆಲ್ ಹಚ್ಚಿಸಿಕೊಳ್ಳುವ ಪರೀಕ್ಷೆ ಎಂದೇ ರೂಢಿ. ಇದರಲ್ಲಿ ಬಳಸುವ ಧ್ವನಿತರಂಗಗಳ ಆವರ್ತನ ಕಡಿಮೆ, ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಸ್. ಆದ್ದರಿಂದ ಅವು ಆಳಕ್ಕೆ ಇಳಿಯುತ್ತವೆ, ಇಡೀ ಗರ್ಭಕೋಶ, ಮೂತ್ರಕೋಶ, ಅಕ್ಕಪಕ್ಕದ ಭಾಗಗಳೆಲ್ಲ ಒಂದೇ ಚಿತ್ರದಲ್ಲಿ ಸಿಗುತ್ತವೆ. ಆದರೆ ಸೂಕ್ಷ್ಮ ವಿವರ ಮಸುಕಾಗುತ್ತದೆ. ಒಳ ಸ್ಕ್ಯಾನಿನ ಪ್ರೋಬ್ (ಧ್ವನಿತರಂಗ ಹೊಮ್ಮಿಸುವ ಕಡ್ಡಿಯಂಥ ಸಲಕರಣೆ) ಇದಕ್ಕಿಂತ ಹೆಚ್ಚಿನ ಆವರ್ತನದ್ದು, ಗರ್ಭಕಂಠದ ಪಕ್ಕದಿಂದಲೇ ನೋಡುವಂಥದ್ದು. ಕಲೆಯಲ್ಲಿ ಕಟ್ಟಿದ ಗರ್ಭದಲ್ಲಿ ಚೀಲಕ್ಕೂ ಮೂತ್ರಕೋಶಕ್ಕೂ ನಡುವೆ ಉಳಿದಿರುವ ಸ್ನಾಯುಪದರ ಅನೇಕ ಸಲ 1ರಿಂದ 3 ಮಿಲಿಮೀಟರ್ ಮಾತ್ರ. ಕೆಲವೊಮ್ಮೆ ಪದರವೇ ಕಾಣುವುದಿಲ್ಲ. ಇಷ್ಟು ತೆಳುವಾದದ್ದನ್ನು ಹೊಟ್ಟೆಯ ಚರ್ಮ, ಕೊಬ್ಬುಗಳ ಮೇಲಿನಿಂದ ಅಳೆಯುತ್ತೇವೆ ಎನ್ನುವುದು ಭರವಸೆಯ ಮಾತಲ್ಲ. ಹೀಗಾಗಿ ಎರಡರಲ್ಲಿ ಒಂದನ್ನೇ ಆರಿಸಬೇಕಾದ ಸಂದರ್ಭದಲ್ಲಿ ಒಳ ಸ್ಕ್ಯಾನನ್ನೇ ಆರಿಸಬೇಕು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2016ರ ಮಾರ್ಗಸೂಚಿಯಲ್ಲಿ, ಅಮೆರಿಕದ ತಾಯಿ–ಭ್ರೂಣ ವೈದ್ಯಕೀಯ ಸಂಘ 2020ರ ಮಾರ್ಗಸೂಚಿಯಲ್ಲಿ ಇದನ್ನೇ ಮೊದಲ ಸ್ಥಾನದಲ್ಲಿ ಇರಿಸಿವೆ.

ಹಾಗೆಂದು ಹೊಟ್ಟೆಯ ಮೇಲಿನ ಸ್ಕ್ಯಾನನ್ನು ಬದಿಗೆ ಸರಿಸುವುದು ತಪ್ಪು. ಸಿಸೇರಿಯನ್ ಆದ ಕೆಲವರಲ್ಲಿ ಗರ್ಭಕೋಶ ಹೊಟ್ಟೆಯ ಮುಂಗೋಡೆಗೆ ಅಂಟಿಕೊಂಡು ಮೇಲಕ್ಕೆ ಎಳೆಯಲ್ಪಟ್ಟಿರುತ್ತದೆ, ಗರ್ಭಕಂಠ ಉದ್ದವಾಗಿರುತ್ತದೆ. ಅಂಥವರಲ್ಲಿ ಕಲೆ ಒಳ ಪ್ರೋಬಿನಿಂದ ದೂರ ಸರಿದು, ಹೊಟ್ಟೆಯ ಮೇಲಿನಿಂದಲೇ ಹೆಚ್ಚು ಚೆನ್ನಾಗಿ ಕಾಣಬಹುದು. ಮೇಲಾಗಿ, ತುಂಬಿದ ಮೂತ್ರಕೋಶವಿದ್ದಾಗ ಅದರ ಗೋಡೆ ಮತ್ತು ಗರ್ಭಕೋಶದ ಮುಂಭಾಗದ ಗಡಿ ಸ್ಪಷ್ಟವಾಗಿ ಬೇರ್ಪಟ್ಟು ತೋರುತ್ತದೆ, ಚೀಲ ಆ ಗಡಿಯನ್ನು ಮೂತ್ರಕೋಶದ ಕಡೆಗೆ ಉಬ್ಬಿಸಿದೆಯೇ ಎಂಬುದು ಗೊತ್ತಾಗುತ್ತದೆ. ಆದ್ದರಿಂದ ಅನುಕೂಲವಿದ್ದಲ್ಲಿ ಎರಡನ್ನೂ ಒಂದೇ ಭೇಟಿಯಲ್ಲಿ ಮಾಡಿಸುವುದು ಉತ್ತಮ. ನೀರು ಕುಡಿದು ಬಂದವರಿಗೆ ಮೊದಲು ಹೊಟ್ಟೆಯ ಮೇಲಿನ ಸ್ಕ್ಯಾನ್ ಮಾಡಿ, ಆಮೇಲೆ ಮೂತ್ರ ವಿಸರ್ಜನೆ ಮಾಡಿ ಬರಲು ಹೇಳಿ ಒಳ ಸ್ಕ್ಯಾನ್ ಮಾಡುವ ಕ್ರಮ ಎಲ್ಲರಿಗೂ ಸುಲಭ. ಮೂತ್ರಕೋಶದಲ್ಲಿ ತುಸು ಮೂತ್ರ ಉಳಿದಿದ್ದರೆ ಒಳ ಸ್ಕ್ಯಾನಿನಲ್ಲೂ ಗಡಿ ಗುರುತಿಸಲು ಸಹಾಯವಾಗುತ್ತದೆ.

ಒಳ ಸ್ಕ್ಯಾನ್ ಎಂದಾಕ್ಷಣ ಅನೇಕರು ಹಿಂಜರಿಯುತ್ತಾರೆ. ನಾಚಿಕೆ ಒಂದು ಕಡೆ, ‘ಒಳಗೆ ಹಾಕಿ ನೋಡಿದರೆ ಗರ್ಭ ಜಾರಿಹೋಗುತ್ತದೆ’ ಎಂಬ ಹೆದರಿಕೆ ಇನ್ನೊಂದು ಕಡೆ. ಒಳ ಸ್ಕ್ಯಾನಿನಿಂದ ಗರ್ಭಪಾತವಾಗುವುದಿಲ್ಲ; ಪ್ರೋಬ್ ಯೋನಿಮಾರ್ಗದಲ್ಲೇ ನಿಲ್ಲುತ್ತದೆ, ಗರ್ಭಕೋಶದ ಒಳಕ್ಕೆ ಹೋಗುವುದಿಲ್ಲ, ಅದರ ಮೇಲೆ ಹೊಸ ಕವಚ ಹಾಕಿರುತ್ತಾರೆ. ರಕ್ತಸ್ರಾವವಿದ್ದಾಗಲೂ ಮಾಡಬಹುದು. ಸ್ಕ್ಯಾನ್ ಮಾಡುವವರು ಪುರುಷ ವೈದ್ಯರಾಗಿದ್ದರೆ ಕೋಣೆಯಲ್ಲಿ ನರ್ಸ್ ಅಥವಾ ಮನೆಯ ಹೆಂಗಸೊಬ್ಬರು ಇರಲಿ ಎಂದು ಕೇಳುವುದು ಪ್ರತಿಯೊಬ್ಬರ ಹಕ್ಕು. ಅತ್ತೆಯೋ ನಾದಿನಿಯೋ ಜೊತೆಗೆ ಬಂದಿದ್ದರೆ ಅವರಿಗೂ ಇದನ್ನು ಮೊದಲೇ ತಿಳಿಸಿ ಹೇಳುವುದು ಆಶಾ ಕಾರ್ಯಕರ್ತೆಯರಿಂದ ಆಗಬಹುದಾದ ದೊಡ್ಡ ಉಪಕಾರ. ಗರ್ಭಿಣಿಯ ಪ್ರತಿ ಸ್ಕ್ಯಾನಿಗೂ ಭ್ರೂಣಲಿಂಗ ಪತ್ತೆ ತಡೆ ಕಾನೂನಿನಂತೆ ಫಾರಂ ಎಫ್ ಎಂಬ ನಮೂನೆ ತುಂಬಬೇಕಾದ್ದರಿಂದ ಗುರುತಿನ ಚೀಟಿ, ವೈದ್ಯರ ಚೀಟಿಗಳನ್ನು ಒಯ್ಯುವುದು ಒಳ್ಳೆಯದು. ಒಂದು ಕಾಗದ ಕಡಿಮೆಯಾಯಿತೆಂದು ಜೋಯಿಡಾದ ಹಳ್ಳಿಯಿಂದ ಬಂದವರು ತಿರುಗಿ ಹೋಗುವಂತಾಗಬಾರದು.

ವರದಿಯಲ್ಲಿ ಏನಿರಬೇಕು

ಸ್ಕ್ಯಾನ್ ಯಾವ ಬಗೆಯದಾದರೂ ನೋಡುವವರಿಗೆ ಕಲೆಯ ಸುದ್ದಿ ಗೊತ್ತಿಲ್ಲದಿದ್ದರೆ ಅವರು ಅದನ್ನು ಹುಡುಕಲಾರರು. ಇಲ್ಲಿ ಒಂದು ಸಾಮಾಜಿಕ ಸಂಗತಿಯನ್ನೂ ಗಮನಿಸಬೇಕು. ಮೊದಲ ಹೆರಿಗೆ ತವರುಮನೆಯ ಕಡೆ ಆಗಿರುತ್ತದೆ, ಆ ಡಿಸ್ಚಾರ್ಜ್ ಚೀಟಿ ಅಲ್ಲೇ ಯಾವುದೋ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ. ಈಗಿನ ಸ್ಕ್ಯಾನ್ ಗಂಡನ ಮನೆಯ ಊರಿನಲ್ಲಿ ನಡೆಯುತ್ತದೆ. ಆದ್ದರಿಂದ ಬಾಯಿಬಿಟ್ಟು ಹೇಳಬೇಕು: ‘ಡಾಕ್ಟ್ರೇ, ನನಗೆ ಮೊದಲನೇದು ಸಿಸೇರಿಯನ್. ಈ ಗರ್ಭ ಆ ಕಲೆಗೆ ಎಷ್ಟು ಹತ್ತಿರ ಇದೆ ನೋಡಿ ಬರೆದು ಕೊಡಿ.’ ಈ ಒಂದು ಮಾತು ಎಷ್ಟೋ ಬೆಲೆಬಾಳುವ ಯಂತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ನೋಡುವ ವೈದ್ಯರು ಗರ್ಭಕೋಶವನ್ನು ಉದ್ದಕ್ಕೆ, ನಡುರೇಖೆಯಲ್ಲಿ ಹಿಡಿದು, ಮೇಲ್ತುದಿಯಿಂದ ಗರ್ಭಕಂಠದ ಹೊರಬಾಯಿಯವರೆಗೆ ಒಂದೇ ಚಿತ್ರದಲ್ಲಿ ತರಬೇಕು. ಒಳಗೂಡು ಖಾಲಿಯಾಗಿದೆಯೇ, ಗರ್ಭಕಂಠದ ನಾಳ ಖಾಲಿಯಾಗಿ ಮುಚ್ಚಿಕೊಂಡಿದೆಯೇ ಎಂಬುದು ಮೊದಲ ಪ್ರಶ್ನೆ. ಎರಡೂ ಖಾಲಿ ಇದ್ದು, ಗರ್ಭಕೋಶದ ಕೆಳಭಾಗದ ಮುಂಗೋಡೆಯಲ್ಲಿ, ಮೂತ್ರಕೋಶದ ಹಿಂದೆ, ಕಲೆಯ ಜಾಗದಲ್ಲಿ ಚೀಲ ಹುದುಗಿದ್ದರೆ ಸಂಶಯ ಗಟ್ಟಿಯಾಗುತ್ತದೆ. ಚೀಲದೊಳಗೆ ಯೋಕ್ ಚೀಲ (ಭ್ರೂಣಕ್ಕೆ ಮೊದಮೊದಲು ಪೋಷಣೆ ಕೊಡುವ ಪುಟ್ಟ ಚೀಲ) ಆಗಲಿ, ಭ್ರೂಣವಾಗಲಿ, ಹೃದಯಬಡಿತವಾಗಲಿ ಇರಬಹುದು, ಇಲ್ಲದೆಯೂ ಇರಬಹುದು. ಬಡಿತವಿಲ್ಲ ಎಂಬ ಕಾರಣಕ್ಕೆ ಈ ರೋಗನಿರ್ಣಯವನ್ನು ಕೈಬಿಡುವಂತಿಲ್ಲ.

ಅನುಭವ ಕಡಿಮೆಯಿರುವವರಿಗೂ ಕೈಗೆ ಸಿಗುವ ಒಂದು ಸರಳ ಅಳತೆ ಇದೆ. ಅಮೆರಿಕದ ತಜ್ಞ ಟಿಮೋರ್-ಟ್ರಿಟ್ಶ್ ಮತ್ತು ಸಹೋದ್ಯೋಗಿಗಳು 2016ರಲ್ಲಿ ವಿವರಿಸಿದ ಕ್ರಮವದು. ಉದ್ದ ಚಿತ್ರದಲ್ಲಿ ಗರ್ಭಕೋಶದ ಮೇಲ್ತುದಿಯಿಂದ ಗರ್ಭಕಂಠದ ತುದಿಯವರೆಗೆ ಅಳೆದು ನಡುಬಿಂದುವನ್ನು ಗುರುತಿಸಬೇಕು. ಐದರಿಂದ ಹತ್ತು ವಾರಗಳೊಳಗಿನ ಸಹಜ ಗರ್ಭದಲ್ಲಿ ಚೀಲದ ಕೇಂದ್ರ ಆ ಬಿಂದುವಿಗಿಂತ ಮೇಲೆ ಇರುತ್ತದೆ. ಕಲೆಯ ಗರ್ಭದಲ್ಲಿ ಕೆಳಗೆ, ಗರ್ಭಕಂಠದ ಕಡೆಗೆ ಇರುತ್ತದೆ. ಇದೊಂದರಿಂದಲೇ ತೀರ್ಮಾನ ಮಾಡಲಾಗದು, ಆದರೆ ‘ಇವರನ್ನು ಇನ್ನೊಬ್ಬರಿಗೆ ತೋರಿಸಬೇಕು’ ಎಂದು ನಿರ್ಧರಿಸಲು ಇದು ಸಾಕು. ಸಾಮಾನ್ಯ ಯಂತ್ರವಿರುವ ಸಣ್ಣ ಕೇಂದ್ರಗಳಿಗೆ ಇದಕ್ಕಿಂತ ಉಪಯುಕ್ತವಾದ ಅಳತೆ ಇನ್ನೊಂದಿಲ್ಲ ಎಂದೇ ನನಗನ್ನಿಸುತ್ತದೆ.

ಉಳಿದ ಸ್ನಾಯುಪದರದ ದಪ್ಪ ಮುಂದಿನ ಮುಖ್ಯ ಅಳತೆ. ಅದನ್ನು ಮಿಲಿಮೀಟರಿನಲ್ಲಿ ಬರೆಯಬೇಕು. ‘ತೆಳುವಾಗಿದೆ’ ಎಂದಷ್ಟೇ ಬರೆದರೆ ಮುಂದೆ ನೋಡುವವರಿಗೆ ಹೋಲಿಸಲು ಏನೂ ಸಿಗುವುದಿಲ್ಲ. ಚೀಲ ಕಲೆಯ ಮೇಲೆ ಕುಳಿತಿದೆಯೋ, ಕಲೆಯ ತಗ್ಗಿನೊಳಗೇ ಇಳಿದಿದೆಯೋ ಎಂಬ ವ್ಯತ್ಯಾಸವೂ ದೊಡ್ಡದು. ಚೆನ್ನಾಗಿ ಮಾಗಿದ ಕಲೆಯ ಮೇಲೆ, ದಪ್ಪ ಪದರದೊಂದಿಗೆ ಕುಳಿತ ಗರ್ಭಗಳ ಮುಂದಿನ ಹಾದಿ ತುಲನಾತ್ಮಕವಾಗಿ ಉತ್ತಮವಾಗಿತ್ತೆಂದೂ, ಪದರ 2 ಮಿಲಿಮೀಟರಿಗಿಂತ ತೆಳುವಾಗಿ ತಗ್ಗಿನೊಳಗೆ ಇಳಿದವುಗಳಲ್ಲಿ ಮಾಸು ಗರ್ಭಕೋಶದ ಗೋಡೆಗೆ ಬಿಡಿಸಲಾಗದಂತೆ ಅಂಟುವ ಅಪಾಯ ಹೆಚ್ಚೆಂದೂ 2017ರ ಒಂದು ಅಧ್ಯಯನ ತೋರಿಸಿತು.

2022ರ ಒಮ್ಮತದ ಹೇಳಿಕೆ ಈ ಗರ್ಭಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಚೀಲದ ಹೆಚ್ಚಿನ ಭಾಗ ಒಳಗೂಡಿನ ಕಡೆಗೆ ಚಾಚಿದ್ದರೆ ಅದು ಮೊದಲನೆಯದು. ಹೆಚ್ಚಿನ ಭಾಗ ಸ್ನಾಯುವಿನೊಳಗೇ ಹುದುಗಿದ್ದು ಗರ್ಭಕೋಶದ ಹೊರಗಡಿಯನ್ನು ದಾಟದಿದ್ದರೆ ಎರಡನೆಯದು. ಹೊರಗಡಿಯನ್ನೇ ದಾಟಿ ಭಾಗಶಃ ಆಚೆಗೆ ಉಬ್ಬಿದ್ದರೆ ಮೂರನೆಯದು. ಮೂರನೆಯದು ನೋಡಲೂ ಭಯಂಕರ, ಗುರುತಿಸುವುದೂ ಸುಲಭ. ಕಣ್ಣಿಗೆ ಮೋಸವಾಗುವುದು ಮೊದಲನೆಯದರಲ್ಲಿ, ಏಕೆಂದರೆ ಅದು ಸಹಜ ಗರ್ಭದ ವೇಷ ತೊಟ್ಟು ಮೇಲೇರುತ್ತದೆ.

ಹಾಗೆಯೇ ಕಾಣುವ ಇತರ ಸ್ಥಿತಿಗಳು

ಗರ್ಭಪಾತವಾಗುತ್ತಿರುವಾಗ ಕೆಳಕ್ಕೆ ಜಾರುತ್ತಿರುವ ಚೀಲವೂ ಕಲೆಯ ಮಟ್ಟದಲ್ಲೇ ಕಾಣಬಹುದು. ಇವೆರಡನ್ನು ಬೇರ್ಪಡಿಸುವುದು ಜೀವಕ್ಕೆ ಸಂಬಂಧಿಸಿದ ವಿಚಾರ, ಏಕೆಂದರೆ ಗರ್ಭಪಾತವೆಂದು ಬಗೆದು ಗರ್ಭಕೋಶವನ್ನು ಕೆರೆದು ಸ್ವಚ್ಛಗೊಳಿಸಲು ಹೋದಾಗ ಕಲೆಯ ಗರ್ಭದಿಂದ ತಡೆಯಲಾಗದ ರಕ್ತಸ್ರಾವ ಆಗಬಹುದು, ತೆಳುಪದರ ತೂತಾಗಬಹುದು. ಒಳ ಪ್ರೋಬಿನಿಂದ ಮೆಲ್ಲಗೆ ಒತ್ತಿದಾಗ ಜಾರುತ್ತಿರುವ ಚೀಲ ಗರ್ಭಕಂಠದ ನಾಳದಲ್ಲಿ ಅಲುಗುತ್ತದೆ. ಕಲೆಯಲ್ಲಿ ಬೇರೂರಿದ್ದು ಅಲುಗುವುದಿಲ್ಲ. ಬೇರ್ಪಟ್ಟ ಚೀಲದ ಸುತ್ತ ಡಾಪ್ಲರ್‌ನಲ್ಲಿ ರಕ್ತಚಲನೆ ಇರುವುದಿಲ್ಲ. ಬೇರೂರಿದ್ದರ ಸುತ್ತ ಬಣ್ಣದ ಉಂಗುರವೇ ಕಾಣಿಸುತ್ತದೆ. ಇನ್ನೂ ಸಂಶಯ ಉಳಿದರೆ, ಹೆಂಗಸು ಸ್ಥಿರವಾಗಿದ್ದ ಪಕ್ಷದಲ್ಲಿ, ಒಂದೆರಡು ದಿನದ ನಂತರ ಮತ್ತೆ ನೋಡಬಹುದು: ಜಾರುವ ಚೀಲ ಅಷ್ಟರಲ್ಲಿ ಸ್ಥಳ ಬದಲಿಸಿರುತ್ತದೆ.

ಗರ್ಭಕಂಠದಲ್ಲೇ ಕಟ್ಟಿದ ಗರ್ಭ ಇನ್ನೂ ಕೆಳಗಿರುತ್ತದೆ. ಅಲ್ಲಿ ಗರ್ಭಕಂಠ ಪೀಪಾಯಿಯಂತೆ ಊದಿಕೊಂಡಿರುತ್ತದೆ, ಚೀಲಕ್ಕೂ ಮೂತ್ರಕೋಶಕ್ಕೂ ನಡುವಿನ ಸ್ನಾಯು ಸಾಮಾನ್ಯವಾಗಿ ದಪ್ಪವಾಗಿಯೇ ಉಳಿದಿರುತ್ತದೆ. ಕೇವಲ ಕೆಳಭಾಗದಲ್ಲಿ ಕಟ್ಟಿದ ಸಹಜ ಗರ್ಭದಲ್ಲೂ ಮುಂಗೋಡೆಯ ಪದರ ಪೂರ್ತಿಯಾಗಿ ಇರುತ್ತದೆ, ಚೀಲ ಒಳಗೂಡಿನ ಮಿತಿಯೊಳಗೇ ಇರುತ್ತದೆ.

ಈ ಮಾತಿಗೆ ಹೊಂದಿದ ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಬೇಡವಾದ ಗರ್ಭಕ್ಕೆ ಮೆಡಿಕಲ್ ಶಾಪಿನಿಂದ ಗುಳಿಗೆ ತರಿಸಿ ಮನೆಯಲ್ಲೇ ನುಂಗುವವರಿದ್ದಾರೆ. ಗರ್ಭ ಸರಿಯಾದ ಜಾಗದಲ್ಲಿದೆಯೆಂದು ಖಚಿತವಾಗದೆ ಆ ಗುಳಿಗೆ ಕೊಡಬಾರದೆಂಬುದು ವೈದ್ಯಕೀಯ ನಿಯಮ. ಸಿಸೇರಿಯನ್ ಆಗಿದ್ದವರಿಗೆ ಈ ನಿಯಮ ಎರಡು ಪಟ್ಟು ಅನ್ವಯಿಸುತ್ತದೆ. ಗರ್ಭ ಬೇಕೋ ಬೇಡವೋ ಎಂಬುದು ಆ ಹೆಂಗಸಿನ ತೀರ್ಮಾನ, ಅದಕ್ಕೆ ಕಾನೂನಿನ ರಕ್ಷಣೆಯೂ ಇದೆ. ಸ್ಕ್ಯಾನ್ ಮಾತ್ರ ಎರಡೂ ದಾರಿಗೆ ಸಮಾನವಾಗಿ ಬೇಕು.

ಡಾಪ್ಲರ್, ಎಂ.ಆರ್.ಐ., ರಕ್ತಪರೀಕ್ಷೆ

ಬಣ್ಣದ ಡಾಪ್ಲರ್ ಬೇರೆ ಯಂತ್ರವಲ್ಲ; ಹೆಚ್ಚಿನ ಸ್ಕ್ಯಾನ್ ಯಂತ್ರಗಳಲ್ಲಿ ಅದು ಒಂದು ಗುಂಡಿಯ ಕೆಲಸ. ಕಲೆಯ ಗರ್ಭದ ಸಂಶಯ ಬಂದಲ್ಲಿ ಅದನ್ನು ಬಳಸುವುದು ಅಗತ್ಯ, ಏಕೆಂದರೆ ಚೀಲದ ಸುತ್ತಲಿನ, ಅದರಲ್ಲೂ ಮುಂಭಾಗದ, ವೇಗವಾದ ಮತ್ತು ಅಡೆತಡೆ ಕಡಿಮೆಯಿರುವ ರಕ್ತಚಲನೆ ರೋಗನಿರ್ಣಯವನ್ನು ಗಟ್ಟಿಗೊಳಿಸುತ್ತದೆ, ಚಿಕಿತ್ಸೆಯಲ್ಲಿ ಎಷ್ಟು ರಕ್ತ ಹೋಗಬಹುದೆಂಬ ಮುನ್ಸೂಚನೆಯನ್ನೂ ಕೊಡುತ್ತದೆ. ಮೊದಲ ಮೂರು ತಿಂಗಳಲ್ಲಿ ಡಾಪ್ಲರನ್ನು ಭ್ರೂಣದ ಮೇಲೆ ಸುಮ್ಮನೆ ಹಿಡಿಯಬಾರದೆಂಬ ಎಚ್ಚರ ಸರಿಯಾದದ್ದೇ. ಇಲ್ಲಿ ಅದನ್ನು ಚೀಲದ ಅಂಚಿಗೆ ಸೀಮಿತಗೊಳಿಸಿ, ಕಡಿಮೆ ಶಕ್ತಿಯಲ್ಲಿ, ಕಡಿಮೆ ಹೊತ್ತು ಬಳಸಿದರೆ ಸಾಕು.

ಎಂ.ಆರ್.ಐ. ದೊಡ್ಡ ಪರೀಕ್ಷೆಯಾದ್ದರಿಂದ ಅದೇ ಖಚಿತ ಎಂಬ ನಂಬಿಕೆ ಜನರಲ್ಲಿದೆ. ಆದರೆ ಈ ವಿಷಯದಲ್ಲಿ ಅದಕ್ಕೆ ಎರಡನೆಯ ಸ್ಥಾನ. ಒಳ ಸ್ಕ್ಯಾನಿನಲ್ಲಿ ಚಿತ್ರ ಸ್ಪಷ್ಟವಾಗಿದ್ದರೆ ಎಂ.ಆರ್.ಐ. ಹೊಸದೇನನ್ನೂ ಹೇಳಲಾರದು, ಬದಲಾಗಿ ದಿನಾಂಕ ಸಿಗುವವರೆಗೆ ಕಾಯುವುದರಲ್ಲಿ ವಾರ ಕಳೆದು, ಗರ್ಭ ಬೆಳೆದು, ಅಪಾಯ ಹೆಚ್ಚುತ್ತದೆ. ಸ್ಕ್ಯಾನ್ ಚಿತ್ರ ಗೊಂದಲದಲ್ಲಿದ್ದಾಗ, ಚೀಲ ಮೂತ್ರಕೋಶದ ಕಡೆಗೆ ನುಗ್ಗಿರುವ ಸಂಶಯವಿದ್ದಾಗ, ಆ ಚಿತ್ರಗಳನ್ನು ಓದಬಲ್ಲ ತಜ್ಞರಿದ್ದಾಗ ಮಾತ್ರ ಅದು ಸಾರ್ಥಕ. ಮೂರು ಆಯಾಮದ ಸ್ಕ್ಯಾನ್ ಇದ್ದರೆ ಒಳಿತು, ಇಲ್ಲದಿದ್ದರೆ ಕೊರತೆಯಿಲ್ಲ.

ಗರ್ಭಧಾರಣೆಯ ಹಾರ್ಮೋನನ್ನು ಅಳೆಯುವ ಬೀಟಾ ಎಚ್.ಸಿ.ಜಿ. ರಕ್ತಪರೀಕ್ಷೆ ಗರ್ಭ ಇದೆಯೆಂದು ಹೇಳುತ್ತದೆ, ಎಲ್ಲಿದೆಯೆಂದು ಹೇಳುವುದಿಲ್ಲ. ಕಲೆಯ ಗರ್ಭದಲ್ಲಿ ಅದರ ಮಟ್ಟ ಸಹಜ ಗರ್ಭದಂತೆಯೇ ಏರಬಲ್ಲದು. ಚಿಕಿತ್ಸೆಯ ನಂತರದ ನಿಗಾವಣೆಗೆ ಅದು ಬೇಕು, ಪತ್ತೆಗೆ ಅದನ್ನು ನೆಚ್ಚುವಂತಿಲ್ಲ. ಲಕ್ಷಣಗಳ ಮಾತೂ ಹೀಗೆಯೇ: ನೋವಿಲ್ಲದ ಅಲ್ಪ ರಕ್ತಸ್ರಾವ ಹೆಚ್ಚಾಗಿ ಕಾಣುವ ಲಕ್ಷಣವಾದರೂ, ಸುಮಾರು ಮೂರನೆಯ ಒಂದು ಭಾಗದಷ್ಟು ಹೆಂಗಸರಿಗೆ ಯಾವ ಲಕ್ಷಣವೂ ಇರುವುದಿಲ್ಲ.

ಎಲ್ಲಿ ನೋಡಿಸುವುದು, ಎಲ್ಲಿಗೆ ಹೋಗುವುದು

ಮೊದಲ ಸ್ಕ್ಯಾನಿಗೆ ದೂರ ಹೋಗಬೇಕಾಗಿಲ್ಲ. ಒಳ ಸ್ಕ್ಯಾನಿನ ಪ್ರೋಬ್ ಇದ್ದು, ಅದನ್ನು ಬಳಸುವ ಅಭ್ಯಾಸವಿರುವ ವೈದ್ಯರಿದ್ದರೆ ಕುಮಟಾ, ಹೊನ್ನಾವರ, ಅಂಕೋಲಾ, ಶಿರಸಿ ಯಾವ ಊರಾದರೂ ಆದೀತು. ಹೊರಡುವ ಮೊದಲು ಫೋನ್ ಮಾಡಿ ‘ಒಳ ಸ್ಕ್ಯಾನ್ ಮಾಡುತ್ತೀರಾ, ಯಾವ ದಿನ ವೈದ್ಯರು ಇರುತ್ತಾರೆ’ ಎಂದು ವಿಚಾರಿಸಬೇಕು. ಹತ್ತಿರದ ಕೇಂದ್ರದಲ್ಲಿ ಆರನೆಯ ವಾರದಲ್ಲಿ ಆಗುವ ಸಾಧಾರಣ ಯಂತ್ರದ ಒಳ ಸ್ಕ್ಯಾನ್, ದೊಡ್ಡ ಊರಿನಲ್ಲಿ ಹತ್ತನೆಯ ವಾರದಲ್ಲಿ ಆಗುವ ಉತ್ತಮ ಯಂತ್ರದ ಸ್ಕ್ಯಾನಿಗಿಂತ ಮೇಲು.

ಸಂಶಯ ಬಂದ ಮೇಲೆ ಲೆಕ್ಕಾಚಾರ ಬದಲಾಗುತ್ತದೆ. ಆಗ ಬೇಕಾದದ್ದು ರಕ್ತನಿಧಿ, ಅರಿವಳಿಕೆ ತಜ್ಞರು, ಸ್ಕ್ಯಾನಿನ ಕಣ್ಗಾವಲಿನಲ್ಲಿ ಅಥವಾ ಲ್ಯಾಪ್ರೊಸ್ಕೋಪಿಯಲ್ಲಿ ಈ ಗರ್ಭವನ್ನು ತೆಗೆಯಬಲ್ಲ ತಂಡ, ಸಾಧ್ಯವಾದರೆ ಗರ್ಭಕೋಶದ ರಕ್ತನಾಳವನ್ನು ಮುಚ್ಚಬಲ್ಲ ರೇಡಿಯಾಲಜಿ ಸೌಲಭ್ಯ. ಜಿಲ್ಲೆಯೊಳಗೆ ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ ಇದೆ. ಅದರಾಚೆಗೆ ಕಾರವಾರ–ಅಂಕೋಲಾದವರು ಗೋವಾದ ಬಾಂಬೋಳಿಗೆ, ಹೊನ್ನಾವರ–ಭಟ್ಕಳದವರು ಮಣಿಪಾಲ, ಮಂಗಳೂರಿಗೆ, ಶಿರಸಿ, ಯಲ್ಲಾಪುರ, ಮುಂಡಗೋಡ, ಹಳಿಯಾಳದವರು ಹುಬ್ಬಳ್ಳಿ–ಧಾರವಾಡಕ್ಕೆ ಹೋಗುವುದು ವಾಡಿಕೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಕರಾವಳಿಯಿಂದ ಮೇಲೆ ಹೋಗುವವರಿಗೆ ಘಟ್ಟವೂ ಸೇರುತ್ತದೆ. ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಈ ಜಿಲ್ಲೆಯ ಜನ ವರ್ಷಗಳಿಂದ ಕೇಳುತ್ತಿರುವುದರ ಹಿಂದೆ ಇಂಥ ಪ್ರಯಾಣಗಳೇ ಇವೆ, ಆ ಬೇಡಿಕೆ ಸಂಪೂರ್ಣ ನ್ಯಾಯವಾದದ್ದು.

ಮಳೆಗಾಲದಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದದ್ದನ್ನು, ಮುಂದಿನ ತಿಂಗಳು ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದನ್ನು ಇಲ್ಲಿಯವರು ಮರೆತಿಲ್ಲ. ಜೂನ್–ಜುಲೈಯಲ್ಲಿ ಆರು ವಾರ ತುಂಬುವವರು ಸಂಶಯ ಬಂದ ದಿನವೇ, ಮೈಯಲ್ಲಿ ಚೈತನ್ಯವಿರುವಾಗಲೇ, ಹಗಲಿನಲ್ಲೇ ಹೊರಡಬೇಕು. ರಕ್ತಸ್ರಾವ ಶುರುವಾದ ಮೇಲೆ ಆಂಬ್ಯುಲೆನ್ಸಿನಲ್ಲಿ ಅರಬೈಲ್ ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ದಾಟುವ ಸ್ಥಿತಿ ಯಾರಿಗೂ ಬೇಡ. ಹೊರಡುವಾಗ ಸ್ಕ್ಯಾನಿನ ವರದಿಯ ಜೊತೆಗೆ ಚಿತ್ರಗಳನ್ನೂ, ರಕ್ತದ ಗುಂಪಿನ ಚೀಟಿಯನ್ನೂ, ತಾಯಿ ಕಾರ್ಡನ್ನೂ ಒಯ್ಯಬೇಕು, ಕಳಿಸುವ ವೈದ್ಯರು ಅಲ್ಲಿಯವರೊಂದಿಗೆ ಮೊದಲೇ ಮಾತಾಡಿರಬೇಕು.

ಪತ್ತೆಯಾದ ನಂತರ

ಚಿಕಿತ್ಸೆಯ ವಿವರ ಈ ಬರಹದ ಹೊರಗಿನದು, ಆದರೆ ಪತ್ತೆಯ ಉದ್ದೇಶ ಅರ್ಥವಾಗಲು ಇಷ್ಟು ತಿಳಿದಿರಬೇಕು. ಮೊದಲೇ ಹೇಳಿದ ಅಮೆರಿಕದ ಮಾರ್ಗಸೂಚಿ ಸುಮ್ಮನೆ ಕಾದು ನೋಡುವುದನ್ನು ಸಾಮಾನ್ಯವಾಗಿ ಬೇಡವೆನ್ನುತ್ತದೆ. ಶಸ್ತ್ರಚಿಕಿತ್ಸೆಯಿಂದ ಆ ಭಾಗವನ್ನು ತೆಗೆಯುವುದು, ಸ್ಕ್ಯಾನ್ ನೋಡುತ್ತ ಹೀರಿ ತೆಗೆಯುವುದು, ಗರ್ಭದ ಬೆಳವಣಿಗೆ ನಿಲ್ಲಿಸುವ ಮೆಥೊಟ್ರೆಕ್ಸೇಟ್ ಮದ್ದನ್ನು ಚೀಲದೊಳಕ್ಕೇ ಚುಚ್ಚುವುದು ಇವುಗಳನ್ನು ಸೂಚಿಸುತ್ತದೆ. ಹರಿತ ಸಲಕರಣೆಯಿಂದ ಕೆರೆಯುವುದೊಂದನ್ನೇ ನೆಚ್ಚುವುದನ್ನೂ, ಮೈಗೆ ಕೊಡುವ ಮೆಥೊಟ್ರೆಕ್ಸೇಟ್ ಚುಚ್ಚುಮದ್ದೊಂದನ್ನೇ ನೆಚ್ಚುವುದನ್ನೂ ಒಪ್ಪುವುದಿಲ್ಲ. ಎಲ್ಲ ಅಪಾಯಗಳನ್ನು ತಿಳಿದೂ ಗರ್ಭವನ್ನು ಮುಂದುವರಿಸಲು ನಿರ್ಧರಿಸುವ ಹೆಂಗಸರಿದ್ದಾರೆ. ಅಂಥವರಿಗೆ ಗರ್ಭಕೋಶ ಬಿರಿಯುವ, ಮಾಸು ಬಿಡಿಸಲಾಗದಂತೆ ಅಂಟುವ, ಗರ್ಭಕೋಶವನ್ನೇ ಕಳೆದುಕೊಳ್ಳುವ ಸಾಧ್ಯತೆಗಳನ್ನು ಬಿಚ್ಚಿ ಹೇಳಿ, 34ರಿಂದ 36 ವಾರಗಳ ನಡುವೆ, ಎಲ್ಲ ಸಿದ್ಧತೆಯಿರುವ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಯೋಜನೆ ಮೊದಲೇ ಆಗಬೇಕು.

ಗರ್ಭ ತೆಗೆದ ಮೇಲೆ ಬೀಟಾ ಎಚ್.ಸಿ.ಜಿ. ಶೂನ್ಯಕ್ಕಿಳಿಯಲು ವಾರಗಳು ಹಿಡಿಯಬಹುದು, ಮದ್ದಿನಿಂದ ಮಾತ್ರ ಚಿಕಿತ್ಸೆ ಆದವರಲ್ಲಿ ಕಲೆಯ ಜಾಗದಲ್ಲಿ ಗಡ್ಡೆಯಂಥ ಉಳಿಕೆ ತಿಂಗಳುಗಟ್ಟಲೆ ಸ್ಕ್ಯಾನಿನಲ್ಲಿ ಕಾಣುತ್ತಿರಬಹುದು. ಆ ಅವಧಿಯಲ್ಲಿ ಗರ್ಭನಿರೋಧಕ ಬಳಸಬೇಕು. ಈ ಸ್ಥಿತಿ ಮರುಕಳಿಸಬಲ್ಲದು. ಆದ್ದರಿಂದ ಮುಂದಿನ ಸಲ ಮುಟ್ಟು ನಿಂತಾಗ ಹಳೆಯ ಚಿತ್ರಗಳನ್ನೂ ವರದಿಯನ್ನೂ ಜೊತೆಗಿಟ್ಟುಕೊಂಡು, ಮತ್ತೆ ಆರನೆಯ ವಾರದಲ್ಲೇ ಒಳ ಸ್ಕ್ಯಾನ್ ಮಾಡಿಸಬೇಕು, ಕಲೆಯ ಬಳಿಯ ಪದರವನ್ನು ಹಿಂದಿನ ಅಳತೆಯೊಂದಿಗೆ ಹೋಲಿಸಿ ಬರೆಯುವಂತೆ ಕೇಳಬೇಕು.